ಸಂಘಕ್ಕೆ ಹೊಸ ಲಾಂಛನ: ತಕರಾರಿಗೆ ಎಡೆಯಿಲ್ಲದಂತೆ ಮತ ಹಾಕಿಸುವುದು ಹೇಗೆ

ಚಿತ್ರದುರ್ಗದ ಯಾವ ಸಂಘದವರು ಹೊಸ ಲಾಂಛನಕ್ಕೆ ವಿನ್ಯಾಸ ಕರೆದರೂ ಬರುವುದರಲ್ಲಿ ಮುಕ್ಕಾಲು ಪಾಲು ಕೋಟೆಯೇ. ಒಬ್ಬರು ಬತೇರಿ ಬರೆದು ತರುತ್ತಾರೆ, ಇನ್ನೊಬ್ಬರು ಹೆಬ್ಬಾಗಿಲು, ಮತ್ತೊಬ್ಬರು ಓಬವ್ವನ ಕಿಂಡಿಯ ಮುಂದೆ ನಿಲ್ಲಿಸಿದ ಒನಕೆ. ನಾಲ್ಕನೆಯವರು ಏಳು ಸುತ್ತನ್ನೂ ಒಂದರೊಳಗೊಂದು ಗೆರೆಯಾಗಿ ಎಳೆದಿರುತ್ತಾರೆ. ದಾವಣಗೆರೆಯಾದರೆ ಗಡಿಯಾರ ಕಂಬ, ಗಾಜಿನಮನೆ. ತಮಾಷೆಗೆಂದು ಒಬ್ಬರಾದರೂ ಬೆಣ್ಣೆ ದೋಸೆ. ಊರಿನ ಮೇಲಿನ ಅಭಿಮಾನ ಒಳ್ಳೆಯದೇ. ಆದರೆ ಮತದಾನ ಹದಗೆಡುವುದು ಬಹುಪಾಲು ಇಲ್ಲಿಂದಲೇ.

ಈ ಲೆಕ್ಕ ನೋಡಿ. ನೂರು ಸದಸ್ಯರ ಒಂದು ಓದುಗರ ಬಳಗ ಇದೆ ಎಂದಿಟ್ಟುಕೊಳ್ಳೋಣ. ಕಣದಲ್ಲಿ ಐದು ವಿನ್ಯಾಸಗಳು. ನಾಲ್ಕರಲ್ಲಿ ಕೋಟೆ, ಅವುಗಳನ್ನು ಮಾವು, ಹಲಸು, ನೇರಳೆ, ಸೀಬೆ ಎಂದು ಕರೆಯೋಣ. ಐದನೆಯದು ನೆಲ್ಲಿ, ಅದರಲ್ಲಿ ಜೋಗಿಮಟ್ಟಿ ಕಡೆಯ ಗುಡ್ಡದ ಗಾಳಿಯಂತ್ರ. ಒಬ್ಬರಿಗೆ ಒಂದೇ ಮತ. ಮಾವಿಗೆ 20, ಹಲಸಿಗೆ 17, ನೇರಳೆಗೆ 15, ಸೀಬೆಗೆ 12, ನೆಲ್ಲಿಗೆ 36. ನೆಲ್ಲಿ ಗೆದ್ದಿತು. ಕೋಟೆ ಬೇಕೆಂದ 64 ಮಂದಿ ಗಾಳಿಯಂತ್ರವಿರುವ ಲೆಟರ್‌ಹೆಡ್ ಹಿಡಿದು ಮನೆಗೆ ಹೋದರು. ಯಾರೂ ಮೋಸ ಮಾಡಿಲ್ಲ, ಎಣಿಕೆಯಲ್ಲೂ ತಪ್ಪಿಲ್ಲ. ಆದರೂ ಗೊಣಗಾಟ ಆ ಸಂಜೆಯೇ ಶುರುವಾಗುತ್ತದೆ, ಮತ್ತು ಗೊಣಗುವವರ ಮಾತಿನಲ್ಲಿ ಹುರುಳಿದೆ.

ಲಾಂಛನದ ಮತದಾನದಲ್ಲಿ ನ್ಯಾಯ ತಪ್ಪುವುದು ಮತಪೆಟ್ಟಿಗೆಯ ಬಳಿ ತೀರ ಅಪರೂಪ. ಯಾರು ಮತದಾರರು, ಯಾವ ವಿನ್ಯಾಸ ಕಣಕ್ಕೆ ಬಂತು, ಯಾವುದನ್ನು ಹೇಗೆ ತೋರಿಸಿದರು, ಮತವನ್ನು ಯಾವ ರೀತಿ ಎಣಿಸಿದರು ಎಂಬ ನಾಲ್ಕರಲ್ಲೇ ಫಲಿತಾಂಶದ ಬಹುಭಾಗ ಮೊದಲೇ ನಿರ್ಧಾರವಾಗಿರುತ್ತದೆ. ಆದ್ದರಿಂದ ಈ ಬರಹದಲ್ಲಿ ಮತದಾನದ ದಿನಕ್ಕಿಂತ ಅದರ ಹಿಂದಿನ ವಾರಗಳಿಗೇ ಹೆಚ್ಚು ಜಾಗ.

ಮೊದಲು ಠರಾವು

ವಿನ್ಯಾಸ ಕರೆಯುವ ಮುನ್ನ ಕಾರ್ಯಕಾರಿ ಸಮಿತಿ ಅಥವಾ ಸರ್ವಸದಸ್ಯರ ಸಭೆ ಒಂದು ಠರಾವು ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಯಲಿ. ಅದರಲ್ಲಿ ಉತ್ತರ ಸಿಗಬೇಕಾದ ಮುಖ್ಯ ಪ್ರಶ್ನೆ ಒಂದೇ: ಸದಸ್ಯರ ಮತವೇ ಅಂತಿಮವೋ, ಅಥವಾ ಅದು ಬರೀ ಸಲಹೆಯೋ?

ಇದನ್ನು ಎಲ್ಲರ ಮನಸ್ಸಿಗೆ ನಾಟುವಂತೆ ಹೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಒಂದು ಹಡಗಿನ ಉದಾಹರಣೆ ಇದೆ. 2016ರಲ್ಲಿ ಅಲ್ಲಿನ ನೈಸರ್ಗಿಕ ಪರಿಸರ ಸಂಶೋಧನಾ ಮಂಡಳಿ ತನ್ನ ಹೊಸ ಧ್ರುವ ಸಂಶೋಧನಾ ಹಡಗಿಗೆ ಹೆಸರು ಸೂಚಿಸಿ ಎಂದು ಜನರನ್ನು ಕೇಳಿತು. ‘ಬೋಟಿ ಮೆಕ್‌ಬೋಟ್‌ಫೇಸ್’ ಎಂಬ ತಮಾಷೆಯ ಹೆಸರು 1,24,109 ಮತ ಪಡೆದು ಎಲ್ಲವನ್ನೂ ಹಿಂದೆ ಹಾಕಿತು. ಸರ್ಕಾರ ಹಡಗಿಗೆ ಸರ್ ಡೇವಿಡ್ ಅಟೆನ್‌ಬರೋ ಅವರ ಹೆಸರಿಟ್ಟು, ಗೆದ್ದ ಹೆಸರನ್ನು ಹಡಗಿನಲ್ಲಿರುವ ಒಂದು ಪುಟ್ಟ ಸ್ವಯಂಚಾಲಿತ ಜಲಾಂತರ್ಗಾಮಿಗೆ ಕೊಟ್ಟು ಸಮಾಧಾನ ಮಾಡಿತು. ದೇಶವೊಂದು ಇದನ್ನು ನಗುತ್ತಾ ದಾಟಬಹುದು. ಇನ್ನೂರು ಜನರ ಸಂಘದಲ್ಲಿ ಮುಂದಿನ ಮೂರು ವರ್ಷ ಪ್ರತಿ ಸಭೆಯಲ್ಲೂ ಇದೇ ಮಾತು ಏಳುತ್ತದೆ.

ನನ್ನ ಸಲಹೆ: ಮತವೇ ಅಂತಿಮ ಎನ್ನಿ. ಸಮಿತಿಗೆ ತಿರಸ್ಕರಿಸುವ ಅಧಿಕಾರ ಇರಲಿ, ಆದರೆ ಮತದಾನಕ್ಕೆ ಮೊದಲು ಮಾತ್ರ, ಅದೂ ಬರೆದಿಟ್ಟ ಕಾರಣಗಳಿಗೆ ಮಾತ್ರ. ಪೆಟ್ಟಿಗೆ ತೆರೆದ ಮೇಲೆ ‘ಇದು ನಮ್ಮ ಸಂಘದ ಘನತೆಗೆ ತಕ್ಕುದಲ್ಲ’ ಎನ್ನುವ ಹಕ್ಕು ಅಧ್ಯಕ್ಷರಿಗೂ ಇರಬಾರದು.

ಠರಾವಿನಲ್ಲಿ ಇನ್ನೊಂದು ಸಾಲು ಸೇರಿಸಿ: ‘ಈಗಿರುವ ಲಾಂಛನವೇ ಮುಂದುವರಿಯಲಿ’ ಎಂಬ ಆಯ್ಕೆಯೂ ಮತಪತ್ರದಲ್ಲಿ ಇರುತ್ತದೆ. ಹಳೆಯದರ ಮೇಲೆ ಜನರಿಗೆ ಎಷ್ಟು ಮಮತೆ ಇದೆ ಎಂಬುದು ಅದನ್ನು ತೆಗೆದುಹಾಕಿದ ಮೇಲೆಯೇ ಗೊತ್ತಾಗುವುದು. ಅಮೆರಿಕದ ಬಟ್ಟೆ ಕಂಪನಿ ಗ್ಯಾಪ್ 2010ರ ಅಕ್ಟೋಬರ್‌ನಲ್ಲಿ ಲಾಂಛನ ಬದಲಿಸಿ, ಗ್ರಾಹಕರ ಕೂಗು ತಾಳಲಾರದೆ ಸುಮಾರು ಒಂದು ವಾರದೊಳಗೆ ಹಳೆಯದಕ್ಕೇ ಮರಳಿತು. ಅಂಥದ್ದನ್ನು ಮತಪತ್ರದ ಒಂದು ಸಾಲು ತಪ್ಪಿಸುತ್ತದೆ.

ಯಾರಿಗೆ ಮತ

ಮತದಾರರ ಪಟ್ಟಿಗೆ ಒಂದು ಕಡೆಯ ದಿನಾಂಕ ಬೇಕು, ಆ ದಿನಾಂಕ ವಿನ್ಯಾಸಕ್ಕೆ ಕರೆ ಕೊಡುವ ದಿನಕ್ಕಿಂತ ಹಿಂದಿನದಾಗಿರಬೇಕು. ಕಾರಣ ಬಿಡಿಸಿ ಹೇಳಬೇಕಿಲ್ಲ. ಕರೆ ಹೊರಟ ಮೇಲೆ ಸದಸ್ಯತ್ವ ಕೊಡುತ್ತಾ ಹೋದರೆ, ವಿನ್ಯಾಸ ಕಳಿಸಿದವರ ಚಿಕ್ಕಪ್ಪ, ಭಾವಮೈದುನ, ಕಾಲೇಜಿನ ಗೆಳೆಯರೆಲ್ಲ ಒಂದೇ ವಾರದಲ್ಲಿ ಸಾಹಿತ್ಯಾಸಕ್ತರಾಗಿಬಿಡುತ್ತಾರೆ.

ವಂತಿಗೆ ಬಾಕಿ ಇರುವವರಿಗೆ ಮತ ಇದೆಯೇ? ಬೆಂಗಳೂರಿಗೆ ಹೋಗಿ ನೆಲೆಸಿದ ಆಜೀವ ಸದಸ್ಯರಿಗೆ? ಒಂದೇ ರಸೀದಿಯಲ್ಲಿ ಸದಸ್ಯರಾದ ಗಂಡ ಹೆಂಡತಿಗೆ ಒಂದು ಮತವೋ ಎರಡೋ? ಬೈಲಾದಲ್ಲಿ ಉತ್ತರವಿದ್ದರೆ ಅದೇ ಸರಿ. ಇಲ್ಲದಿದ್ದರೆ ಈಗಲೇ ತೀರ್ಮಾನಿಸಿ, ಪಟ್ಟಿಯನ್ನು ಸೂಚನಾ ಫಲಕದಲ್ಲಿ ಹಾಕಿ, ಆಕ್ಷೇಪಣೆಗೆ ಒಂದು ವಾರ ಕೊಡಿ. ಬಾಕಿದಾರರ ವಿಷಯದಲ್ಲಿ ನಾನು ಸ್ವಲ್ಪ ಉದಾರಿ: ಇಂತಿಷ್ಟು ತಾರೀಕಿನೊಳಗೆ ಕಟ್ಟಿದರೆ ಮತವಿದೆ ಎಂದು ಒಂದು ಅವಕಾಶ ಕೊಡಬಹುದು. ಅದು ಎಲ್ಲರಿಗೂ ಒಂದೇ ತಾರೀಕಾಗಿರಲಿ, ಆ ಸುದ್ದಿ ಎಲ್ಲರಿಗೂ ಮುಟ್ಟಿರಲಿ.

ಸದಸ್ಯರಲ್ಲದ ಹಿತೈಷಿಗಳು ಅಭಿಪ್ರಾಯ ಹೇಳಲಿ. ಮತ ಮಾತ್ರ ಸದಸ್ಯರದು.

ಮೂವರ ಚುನಾವಣಾ ಸಮಿತಿ

ಮೂವರು ಸಾಕು. ಅವರಲ್ಲಿ ಯಾರೂ ವಿನ್ಯಾಸ ಕಳಿಸಿರಬಾರದು, ಕಳಿಸಿದವರ ಮನೆಯವರಾಗಿರಬಾರದು, ಪದಾಧಿಕಾರಿಯೂ ಆಗಿರಬಾರದು. ನಿವೃತ್ತ ಮೇಷ್ಟರು, ಬ್ಯಾಂಕಿನಲ್ಲಿ ಇದ್ದವರು ಈ ಕೆಲಸಕ್ಕೆ ಹೇಳಿ ಮಾಡಿಸಿದವರು. ಮೇಷ್ಟರಲ್ಲಿ ಹಲವರು ಮತಗಟ್ಟೆಯ ಕೆಲಸ ಮಾಡಿದವರೇ ಆದ್ದರಿಂದ ಮೊಹರು, ಲಕೋಟೆ, ಸಹಿ ಎಂದರೆ ಅವರಿಗೆ ವಿವರಿಸಬೇಕಾಗುವುದಿಲ್ಲ.

ಆಹ್ವಾನ ಪತ್ರದಲ್ಲಿ ಬರೆಯಬೇಕಾದದ್ದು

ಆಹ್ವಾನ ಪತ್ರ ಒಂದು ಪುಟ ಮೀರದಿರಲಿ, ಆದರೆ ಅದರಲ್ಲಿ ಇಲ್ಲದ ನಿಯಮವನ್ನು ಆಮೇಲೆ ಹುಟ್ಟಿಸುವಂತಿಲ್ಲ. ಸಂಘ ಏನು ಮಾಡುತ್ತದೆ, ಲಾಂಛನ ಎಲ್ಲೆಲ್ಲಿ ಬಳಕೆಯಾಗುತ್ತದೆ, ಹೆಸರು ಕನ್ನಡದಲ್ಲಿ ಇರಬೇಕೇ ಎಂಬುದನ್ನು ಹೇಳಿ. ಒಬ್ಬರು ಎಷ್ಟು ವಿನ್ಯಾಸ ಕಳಿಸಬಹುದು ಎಂಬುದನ್ನೂ ಹೇಳಿ. ಒಂದೇ ಸಾಕು, ಹೆಚ್ಚೆಂದರೆ ಎರಡು. ಕೃತಕ ಬುದ್ಧಿಮತ್ತೆಯಿಂದ ಮಾಡಿದ ಚಿತ್ರಕ್ಕೆ ಪ್ರವೇಶವಿದೆಯೋ ಇಲ್ಲವೋ ಎಂದು ಖಂಡಿತವಾಗಿ ಹೇಳಿ. ಬೇಡ ಎನ್ನುವುದು ನನ್ನ ಅಭಿಪ್ರಾಯ. ಅದರ ಹಕ್ಕು ಯಾರದೆಂಬ ಪ್ರಶ್ನೆಯನ್ನು ಒಂದು ಪುಟ್ಟ ಸಂಘ ತಲೆಯ ಮೇಲೆ ಎಳೆದುಕೊಳ್ಳಬೇಕಾಗಿಲ್ಲ.

ಬಳಸಬಾರದ ಚಿಹ್ನೆಗಳನ್ನು ಹೆಸರಿಸಿಯೇ ಬರೆಯಿರಿ. ಸಾರನಾಥದ ನಾಲ್ಕು ಸಿಂಹಗಳು ರಾಷ್ಟ್ರಲಾಂಛನ. ಅದರ ದುರ್ಬಳಕೆ ತಡೆಯಲು 2005ರ ಪ್ರತ್ಯೇಕ ಕಾಯ್ದೆಯೇ ಇದೆ. ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆಯುವ 1950ರ ಕಾಯ್ದೆ ರಾಜ್ಯ ಸರ್ಕಾರಗಳ ಲಾಂಛನವನ್ನೂ ತನ್ನ ಪಟ್ಟಿಯಲ್ಲಿ ಇಟ್ಟುಕೊಂಡಿರುವುದರಿಂದ ಸರ್ಕಾರಿ ಗಂಡಭೇರುಂಡವನ್ನು ಎತ್ತಿ ಅಂಟಿಸುವುದೂ ಬೇಡ. ರಕ್ತದಾನ ಶಿಬಿರ ನಡೆಸುವ ಸಂಘಗಳಿಗೆ ತಿಳಿಯದೆ ಅಂಟಿಕೊಳ್ಳುವ ಅಭ್ಯಾಸವೊಂದಿದೆ: ಬಿಳಿಯ ಮೇಲೆ ಕೆಂಪು ಶಿಲುಬೆ. ಅದು ರೆಡ್‌ಕ್ರಾಸ್ ಚಿಹ್ನೆ. ಜಿನೀವಾ ಒಪ್ಪಂದಗಳ 1960ರ ಕಾಯ್ದೆಯ ಪ್ರಕಾರ ನಮ್ಮ ದೇಶದಲ್ಲಿ ಅನುಮತಿಯಿಲ್ಲದೆ ಅದನ್ನು ಬಳಸುವಂತಿಲ್ಲ.

ಹಕ್ಕುಸ್ವಾಮ್ಯದ ವಿಷಯವನ್ನು ಆಹ್ವಾನದಲ್ಲೇ ತಿಳಿಸಿ, ಗೆದ್ದವರಿಗೆ ಅಚ್ಚರಿಯಾಗಬಾರದು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ವರ್ಗಾಯಿಸುವವರ ಸಹಿ ಇರಬೇಕು. ಬಾಯಿಮಾತಿಗೆ, ವೇದಿಕೆಯ ಮೇಲೆ ಹಾಕಿದ ಶಾಲಿಗೆ ಬೆಲೆಯಿಲ್ಲ. ಪತ್ರದಲ್ಲಿ ಅವಧಿ ಹೇಳದಿದ್ದರೆ ವರ್ಗಾವಣೆ 5 ವರ್ಷಕ್ಕೆ ಮಾತ್ರ ಎಂದು ಕಾಯ್ದೆ ಭಾವಿಸುತ್ತದೆ. ಪ್ರದೇಶ ಹೇಳದಿದ್ದರೆ ಭಾರತದೊಳಗೆ ಮಾತ್ರ. ಆದ್ದರಿಂದ ‘ಹಕ್ಕುಸ್ವಾಮ್ಯದ ಪೂರ್ತಿ ಅವಧಿಗೆ, ಎಲ್ಲ ದೇಶಗಳಿಗೆ’ ಎಂಬ ಮಾತುಗಳು ಪತ್ರದಲ್ಲಿ ಬರಬೇಕು. ಹಕ್ಕು ಕೊಟ್ಟ ಮೇಲೂ ಇದು ತಮ್ಮ ಕೃತಿ ಎಂದು ಹೇಳಿಕೊಳ್ಳುವ ಅಧಿಕಾರ ಕಲಾವಿದರದೇ. ಸೋತವರ ವಿನ್ಯಾಸಗಳ ಮೇಲೆ ಸಂಘಕ್ಕೆ ಯಾವ ಹಕ್ಕೂ ಇಲ್ಲ ಎಂಬುದನ್ನೂ ಸ್ಪಷ್ಟಪಡಿಸಿ. ಎಷ್ಟೋ ಸ್ಪರ್ಧೆಗಳ ಷರತ್ತಿನಲ್ಲಿ ‘ಬಂದ ಎಲ್ಲ ವಿನ್ಯಾಸಗಳೂ ಸಂಘದ ಸ್ವತ್ತು’ ಎಂಬ ಸಾಲು ಇರುತ್ತದೆ. ಪುಕ್ಕಟೆಯಾಗಿ ದುಡಿದವರ ಕೈಯಿಂದ ಅಷ್ಟನ್ನೂ ಕಿತ್ತುಕೊಳ್ಳುವುದು ಸಣ್ಣತನ.

ಕಾಲಾವಕಾಶ ಮೂರು ನಾಲ್ಕು ವಾರ ಇರಲಿ. ಮತದಾನದ ದಿನ ಗೊತ್ತುಮಾಡುವಾಗ ಪಂಚಾಂಗವನ್ನೂ ತೆರೆದು ನೋಡಿ. ನಾಯಕನಹಟ್ಟಿ ಜಾತ್ರೆಯ ದಿನವೋ, ದಸರೆಯ ಹೊತ್ತಿನ ಮುರುಘಾಮಠದ ಶರಣ ಸಂಸ್ಕೃತಿ ಉತ್ಸವದ ನಡುವೆಯೋ ಮತ ಇಟ್ಟರೆ ಪೆಟ್ಟಿಗೆಯ ಮುಂದೆ ಸಮಿತಿಯ ಮೂವರೇ ಕೂತಿರಬೇಕಾಗುತ್ತದೆ.

ಅಂತಿಮ ಪಟ್ಟಿ ಮಾಡುವಾಗ

ಅತಿ ಹೆಚ್ಚು ಅನ್ಯಾಯ ನಡೆಯುವುದು ಇಲ್ಲಿಯೇ, ಅದೂ ಒಳ್ಳೆಯ ಉದ್ದೇಶದಿಂದ. ಮೂವತ್ತು ವಿನ್ಯಾಸ ಬಂದಿರುತ್ತವೆ, ನಾಲ್ಕು ಜನ ಚಹಾ ಕುಡಿಯುತ್ತಾ ಕೂತು ‘ಇದು ಬೇಡ, ಇದು ಪರವಾಗಿಲ್ಲ’ ಎಂದು ಐದಕ್ಕೆ ಇಳಿಸುತ್ತಾರೆ. ಆಮೇಲೆ ಸದಸ್ಯರು ಹಾಕುವ ಮತ ಆ ನಾಲ್ವರ ರುಚಿಯ ಮೇಲೆ ಒತ್ತಿದ ಮೊಹರು ಮಾತ್ರ.

ತಜ್ಞರೇ ಆರಿಸಬೇಕೆಂದಿದ್ದರೆ ಹಾಗೆಂದೇ ಹೇಳಿ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನಮ್ಮ ರೂಪಾಯಿ ಚಿಹ್ನೆ ಬಂದದ್ದು ಹಾಗೆಯೇ. ಬಹಿರಂಗ ಸ್ಪರ್ಧೆಗೆ ಬಂದ ಮೂರು ಸಾವಿರಕ್ಕೂ ಹೆಚ್ಚು ವಿನ್ಯಾಸಗಳನ್ನು ತೀರ್ಪುಗಾರರು ಐದಕ್ಕೆ ಇಳಿಸಿದರು, ಕೊನೆಗೆ ಡಿ. ಉದಯ ಕುಮಾರ್ ಅವರ ವಿನ್ಯಾಸವನ್ನು ಕೇಂದ್ರ ಸಂಪುಟ 2010ರ ಜುಲೈ 15ರಂದು ಒಪ್ಪಿತು. ಅಲ್ಲಿ ಜನರ ಮತ ಎಂಬ ಮಾತೇ ಇರಲಿಲ್ಲ, ಹಾಗಾಗಿ ಮತ ಕೊಟ್ಟೂ ಕಳೆದುಕೊಂಡೆವು ಎಂಬ ನೋವೂ ಇರಲಿಲ್ಲ. ತಜ್ಞರ ಆಯ್ಕೆಗೆ ಜನಮತದ ವೇಷ ತೊಡಿಸಿದಾಗಲೇ ತೊಂದರೆ.

ಮತದಿಂದಲೇ ಆಗಬೇಕೆಂದಿದ್ದರೆ ಸಮಿತಿ ಕೈಬಿಡಬೇಕಾದದ್ದು ನಿಯಮ ಮೀರಿದವನ್ನು ಮಾತ್ರ: ನಿಷೇಧಿತ ಚಿಹ್ನೆ, ಬೇರೆ ಕಡೆಯಿಂದ ಎತ್ತಿದ ಚಿತ್ರ, ಗಡುವು ದಾಟಿ ಬಂದದ್ದು. ಪ್ರತಿಯೊಂದರ ಮುಂದೆಯೂ ಒಂದು ಸಾಲಿನ ಕಾರಣ ಬರೆದು, ಕಳಿಸಿದವರಿಗೆ ತಿಳಿಸಿ. ನಕಲು ಹಿಡಿಯಲು ಗೂಗಲ್‌ನಲ್ಲಿ ಚಿತ್ರದಿಂದಲೇ ಹುಡುಕುವ ಸೌಲಭ್ಯವಿದೆ. ಟ್ರೇಡ್‌ಮಾರ್ಕ್ ನೋಂದಣಿಯ ಸರ್ಕಾರಿ ಜಾಲತಾಣದಲ್ಲೂ ಸಾರ್ವಜನಿಕರು ಉಚಿತವಾಗಿ ಹುಡುಕಬಹುದು. ಅಂತಿಮ ಪಟ್ಟಿಯಲ್ಲಿರುವ ಎಲ್ಲವನ್ನೂ ಹೀಗೆ ನೋಡಿ. ಗೆದ್ದದ್ದನ್ನು ಮಾತ್ರ ಆಮೇಲೆ ನೋಡಿದರೆ ತಡವಾಗಿರುತ್ತದೆ.

ಉಳಿದವು ಏಳೆಂಟಕ್ಕಿಂತ ಹೆಚ್ಚಿದ್ದರೆ ಎರಡು ಸುತ್ತು ಮಾಡಿ. ವಿಕಿಪೀಡಿಯ 2003ರಲ್ಲಿ ತನ್ನ ಲಾಂಛನವನ್ನು ಎರಡು ಸುತ್ತಿನ ಮತದಿಂದಲೇ ಆರಿಸಿದ್ದು. ಪಾಲ್ ಸ್ಟ್ಯಾನ್ಸಿಫರ್ ಎಂಬವರ ತುಂಡು ತುಂಡಾಗಿ ಜೋಡಿಸಿದ ಗೋಳ ಗೆದ್ದಿತು. ನಮಗೆ ಪರಿಚಿತವಾದ ರೂಪ ಬಂದದ್ದು ಡೇವಿಡ್ ಫ್ರೀಡ್‌ಲ್ಯಾಂಡ್ ಅದನ್ನು ತಿದ್ದಿದ ಮೇಲೆ. 2010ರಲ್ಲಿ ಇನ್ನೊಮ್ಮೆ ತಿದ್ದಿದರು. ಆ ಗೋಳದ ಮೇಲೆ ನಮ್ಮ ‘ವಿ’ ಕೂಡ ಒಂದು ತುಂಡಿನಲ್ಲಿ ಕೂತಿದೆ, ಗಮನಿಸಿಲ್ಲದಿದ್ದರೆ ಒಮ್ಮೆ ನೋಡಿ.

ಇನ್ನು ನಮ್ಮ ನಾಲ್ಕು ಕೋಟೆಗಳ ಕಥೆ. ಒಂದೇ ಕಲ್ಪನೆಯ ವಿನ್ಯಾಸಗಳು ಹಲವಿದ್ದರೆ ಮೊದಲ ಸುತ್ತಿನಲ್ಲಿ ಅವನ್ನು ಒಂದು ಗುಂಪಾಗಿ ಇಟ್ಟು, ‘ಈ ನಾಲ್ಕು ಕೋಟೆಗಳಲ್ಲಿ ಯಾವುದು ಕಣಕ್ಕೆ ಬರಲಿ’ ಎಂದು ಸದಸ್ಯರನ್ನೇ ಕೇಳಬಹುದು. ‘ನನ್ನದು ಬತೇರಿ, ಅವರದು ಬಾಗಿಲು, ಎರಡೂ ಒಂದೇ ಹೇಗಾಗುತ್ತದೆ’ ಎಂದು ಕಲಾವಿದರು ಜಗಳಕ್ಕೆ ಬರುತ್ತಾರೆ, ಬರಲಿ. ಗುಂಪು ಮಾಡುವುದಕ್ಕೆ ಒಪ್ಪಿಗೆ ಸಿಗದಿದ್ದರೆ ಬಿಟ್ಟುಬಿಡಿ. ಮತ ಎಣಿಸುವ ಪದ್ಧತಿಯಿಂದಲೂ ಇದೇ ಕೆಲಸ ಮಾಡಿಸಬಹುದು. ಅದು ಮುಂದೆ ಬರುತ್ತದೆ.

ಎಲ್ಲವನ್ನೂ ಒಂದೇ ಹದದಲ್ಲಿ ತೋರಿಸಿ

ಚತುರ ಕಲಾವಿದರು ಲಾಂಛನದ ಜತೆಗೆ ಅದನ್ನು ಟೀ ಶರ್ಟಿನ ಮೇಲೆ, ಬಟ್ಟಲಿನ ಮೇಲೆ, ಗಾಜಿನ ಕಟ್ಟಡದ ನೆತ್ತಿಯ ಮೇಲೆ ಕೂರಿಸಿದ ಚಿತ್ರಗಳನ್ನೂ ಕಳಿಸುತ್ತಾರೆ. ಪಕ್ಕದಲ್ಲಿ ಹೈಸ್ಕೂಲು ಹುಡುಗಿಯೊಬ್ಬಳು ರೂಲ್ ಎಳೆದ ಹಾಳೆಯ ಮೇಲೆ ಸ್ಕೆಚ್ ಪೆನ್ನಿನಿಂದ ಬರೆದ ಚಿತ್ರ ಇರುತ್ತದೆ. ಹೀಗೆಯೇ ಗೋಡೆಗೆ ಅಂಟಿಸಿದರೆ ಜನ ಮತ ಹಾಕುವುದು ಬಟ್ಟಲಿಗೆ. ಅಲಂಕಾರ ಎಲ್ಲ ತೆಗೆದುಹಾಕಿ. ಕೈಯಿಂದ ಬರೆದದ್ದನ್ನು ಅದರ ಗೆರೆ ಬದಲಾಗದಂತೆ ಗಣಕಯಂತ್ರದಲ್ಲಿ ಶುದ್ಧಪ್ರತಿ ಮಾಡಿಸಿ, ಬರೆದವರಿಗೆ ತೋರಿಸಿ ಒಪ್ಪಿಗೆ ಪಡೆಯಿರಿ. ಆ ಖರ್ಚು ಸಂಘದ್ದು.

ಪ್ರತಿ ವಿನ್ಯಾಸಕ್ಕೂ ಒಂದೊಂದು ಎ4 ಹಾಳೆ. ಮೇಲೆ ಬಣ್ಣದಲ್ಲಿ ದೊಡ್ಡದಾಗಿ ಒಂದು, ಅದರ ಕೆಳಗೆ ಕಪ್ಪು ಬಿಳುಪಿನಲ್ಲಿ ರಬ್ಬರ್ ಸ್ಟ್ಯಾಂಪಿನಷ್ಟು ಒಂದು, ವಾಟ್ಸ್‌ಆ್ಯಪ್‌ನ ಗುಂಡಗಿನ ಚಿತ್ರದಷ್ಟು ಇನ್ನೊಂದು. ಬಿ.ಡಿ. ರಸ್ತೆಯ ಯಾವುದಾದರೂ ಝೆರಾಕ್ಸ್ ಅಂಗಡಿಯಲ್ಲಿ ಒಂದೇ ಯಂತ್ರದಲ್ಲಿ, ಒಂದೇ ಹೊತ್ತಿನಲ್ಲಿ ಎಲ್ಲವನ್ನೂ ಅಚ್ಚು ಹಾಕಿಸಿ. ಎರಡು ಯಂತ್ರಗಳಲ್ಲಿ ಹಾಕಿಸಿದರೆ ಒಂದರ ಕೆಂಪು ಇನ್ನೊಂದರಲ್ಲಿ ಇಟ್ಟಿಗೆ ಬಣ್ಣವಾಗುತ್ತದೆ.

ಸ್ಟ್ಯಾಂಪಿನ ಅಳತೆ ಏಕೆಂದರೆ ಅಲ್ಲಿಯೇ ಕನ್ನಡ ಅಕ್ಷರ ಸೋಲುವುದು. ‘ಚಿತ್ರದುರ್ಗ’ ಎಂಬ ಪದವನ್ನೇ ತೆಗೆದುಕೊಳ್ಳಿ. ಲಾಂಛನ ದೊಡ್ಡದಾಗಿದ್ದಾಗ ‘ತ’ಕಾರದ ಕೆಳಗಿನ ರಕಾರದ ಒತ್ತು ಚೆಂದವಾಗಿ ಬಾಗಿರುತ್ತದೆ, ‘ಗ’ದ ಪಕ್ಕದ ಅರ್ಕಾವೊತ್ತು ಬಿಡಿಯಾಗಿ ಕಾಣುತ್ತದೆ. ಎರಡು ಸೆಂಟಿಮೀಟರ್ ಅಗಲದ ದುಂಡು ಮೊಹರಿನಲ್ಲಿ, ಕೆಳಗಿನ ಸಾಲಿಗೆ ತಾಗಿಕೊಂಡಂತೆ ಅಕ್ಷರ ಜೋಡಿಸಿದ್ದರೆ, ಆ ಒತ್ತು ಗೆರೆಯೊಳಗೆ ಕರಗಿ ‘ಚಿತದುರ್ಗ’ ಆಗುತ್ತದೆ. ಅರ್ಕಾವೊತ್ತಿನ ಹೊಟ್ಟೆಯಲ್ಲಿ ಶಾಯಿ ತುಂಬಿ ಒಂದು ಚುಕ್ಕೆ ಉಳಿಯುತ್ತದೆ. ಮತದಾರರು ಇದನ್ನು ಮೊದಲೇ ಕಣ್ಣಾರೆ ನೋಡಬೇಕು. ಕೆಂಪು ಹಸಿರಿನ ವ್ಯತ್ಯಾಸ ಕಾಣದ ಸದಸ್ಯರಿಗೂ ಈ ಕಪ್ಪು ಬಿಳುಪಿನ ಚಿತ್ರ ನೆರವಾಗುತ್ತದೆ.

ಕಲಾವಿದರ ಹೆಸರು ಎಲ್ಲಿಯೂ ಬೇಡ. ಹೆಸರು ಕಂಡ ಕೂಡಲೇ ನಮ್ಮಲ್ಲಿ ಮನೆತನ, ಜಾತಿ, ಬೀದಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅದನ್ನು ಮುಚ್ಚಿಟ್ಟು ಮಾತಾಡುವುದರಲ್ಲಿ ಅರ್ಥವಿಲ್ಲ. ವಿನ್ಯಾಸ ಬಂದಾಗಲೇ ಹೆಸರಿನ ಚೀಟಿಯನ್ನು ಬೇರೆ ಲಕೋಟೆಯಲ್ಲಿ ಹಾಕಿ ಮೊಹರು ಮಾಡಿ. ಗುರುತಿಗೆ 1, 2, 3 ಬೇಡ, ಒಂದನೆಯದು ಮೊದಲ ಬಹುಮಾನ ಪಡೆದಂತೆ ಕಾಣುತ್ತದೆ. ಅ, ಆ, ಇ ಬರೆದರೂ ಅದೇ ಕಥೆ. ಹಣ್ಣಿನ ಹೆಸರೇ ವಾಸಿ. ಕಮಲ, ಹಸ್ತದಂತೆ ರಾಜಕೀಯದ ವಾಸನೆ ಇರುವ ಹೆಸರು ಮಾತ್ರ ತಪ್ಪಿಯೂ ಬೇಡ.

ಪಟ್ಟಿಯಲ್ಲಿ ಮೊದಲು ಬಂದದ್ದಕ್ಕೆ ಒಂದಿಷ್ಟು ಮತ ಸುಮ್ಮನೆ ಬೀಳುತ್ತದೆ. ಹಾಗಾಗಿ ಐದು ವಿನ್ಯಾಸವಿದ್ದರೆ ಮತಪತ್ರವನ್ನು ಐದು ಬಗೆಯಲ್ಲಿ ಮುದ್ರಿಸಿ. ಪ್ರತಿಯೊಂದು ಬಗೆಯಲ್ಲೂ ಬೇರೆ ಬೇರೆ ಹಣ್ಣು ಮೇಲೆ ಬರಲಿ. ಸಮ ಸಂಖ್ಯೆಯಲ್ಲಿ ಮುದ್ರಿಸಿ ಕಲೆಸಿಡಿ. ಇದಕ್ಕೆ ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೇ.

ಮತ ಹಾಕುವ ಪದ್ಧತಿ

ಕಣದಲ್ಲಿ ಎರಡೇ ವಿನ್ಯಾಸ ಇದ್ದರೆ ಒಬ್ಬರಿಗೆ ಒಂದು ಮತ ಸಾಕು. ಮೂರಾದ ಕ್ಷಣದಿಂದ ಆ ಪದ್ಧತಿಯನ್ನು ನಂಬಬೇಡಿ. ಫ್ರಾನ್ಸಿನ ಬೋರ್ಡಾ, ಕಾಂಡಾರ್ಸೆ ಎಂಬ ವಿದ್ವಾಂಸರು ಹದಿನೆಂಟನೇ ಶತಮಾನದಲ್ಲೇ ಇದರ ದೋಷವನ್ನು ಗಣಿತದಿಂದ ತೋರಿಸಿಕೊಟ್ಟಿದ್ದಾರೆ. ಬೋರ್ಡಾ ಸೂಚಿಸಿದ್ದು ಕ್ರಮಕ್ಕೆ ತಕ್ಕ ಅಂಕ ಕೊಡುವ ಪದ್ಧತಿ. ಅದು ನಮ್ಮ ಸಂಘಗಳಿಗೆ ಆಗದು: ತಮ್ಮದು ಗೆಲ್ಲಲೆಂದು ಬಲವಾದ ಎದುರಾಳಿಯನ್ನು ಬೇಕೆಂದೇ ಕೊನೆಗೆ ತಳ್ಳುವುದು ಅದರಲ್ಲಿ ಬಲು ಸುಲಭ.

ಕೆಲಸಕ್ಕೆ ಬರುವ ದಾರಿ ಎರಡು.

ಒಂದನೆಯದು ಒಪ್ಪಿಗೆ ಮತ. ಮತಪತ್ರದಲ್ಲಿ ‘ನಿಮಗೆ ಒಪ್ಪಿಗೆಯಾಗುವ ಎಲ್ಲದರ ಮುಂದೆಯೂ ಗುರುತು ಹಾಕಿ’ ಎಂದು ಬರೆಯಿರಿ. ಅತಿ ಹೆಚ್ಚು ಗುರುತು ಪಡೆದದ್ದು ಗೆಲ್ಲುತ್ತದೆ. ಮಾವು ಇಷ್ಟ, ಹಲಸೂ ಪರವಾಗಿಲ್ಲ ಎನ್ನುವವರು ಎರಡಕ್ಕೂ ಹಾಕುತ್ತಾರೆ, ಕೋಟೆಯ ಮತ ಚೂರಾಗುವುದಿಲ್ಲ. ನಮ್ಮ ಅದೇ ನೂರು ಜನರಲ್ಲಿ ಮಾವಿಗೆ 58, ಹಲಸಿಗೆ 49, ನೆಲ್ಲಿಗೆ 44 ಬರಬಹುದು. ಒಂದಕ್ಕೇ ಮತ ಹಾಕಿ ರೂಢಿಯಾದ ಹಿರಿಯರು ಒಂದಕ್ಕೇ ಹಾಕಿದರೂ ಆ ಮತ ಸಿಂಧು. ಎಲ್ಲಕ್ಕೂ ಗುರುತು ಹಾಕಿದ ಮತವೂ ಸಿಂಧುವೇ, ಆದರೆ ಅದರಿಂದ ಯಾವುದೂ ಮೇಲೆ ಕೆಳಗೆ ಆಗುವುದಿಲ್ಲ. ಎಣಿಕೆ ಸುಲಭ, ಮಕ್ಕಳಿಗೂ ಅರ್ಥವಾಗುತ್ತದೆ. ಕೊರತೆ ಇಲ್ಲದಿಲ್ಲ: ಜಾಣರು ತಮ್ಮ ಒಂದಕ್ಕೆ ಮಾತ್ರ ಹಾಕಿ ಉಳಿದವರು ಉದಾರವಾಗಿ ಹಾಕಲಿ ಎಂದು ಕಾಯಬಹುದು.

ಎರಡನೆಯದು ಕ್ರಮ ಮತ. ಇಷ್ಟದ ಕ್ರಮದಲ್ಲಿ 1, 2, 3 ಎಂದು ಬರೆಯುವುದು. ಮೊದಲ ಆಯ್ಕೆಗಳಲ್ಲಿ ಯಾವುದಕ್ಕೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಎಲ್ಲಕ್ಕಿಂತ ಕಡಿಮೆ ಪಡೆದದ್ದನ್ನು ಕಣದಿಂದ ತೆಗೆದು, ಆ ಮತಪತ್ರಗಳನ್ನು ಅವುಗಳ ಮುಂದಿನ ಆಯ್ಕೆಗೆ ಹಂಚುವುದು. ನಮ್ಮ ಲೆಕ್ಕದಲ್ಲೇ ನೋಡೋಣ. 12 ಪಡೆದ ಸೀಬೆ ಮೊದಲು ಹೊರಗೆ. ಅದರಲ್ಲಿ 7 ಮಾವಿಗೆ, 3 ಹಲಸಿಗೆ, 2 ನೇರಳೆಗೆ ಹೋದರೆ ಮಾವು 27, ಹಲಸು 20, ನೇರಳೆ 17, ನೆಲ್ಲಿ 36. ಈಗ ನೇರಳೆ ಹೊರಗೆ. ಅದರ 17ರಲ್ಲಿ 10 ಮಾವಿಗೆ, 7 ಹಲಸಿಗೆ. ಮಾವು 37, ಹಲಸು 27, ನೆಲ್ಲಿ 36. ಹಲಸೂ ಹೊರಬಿದ್ದಾಗ 24 ಮಾವಿಗೆ, 3 ನೆಲ್ಲಿಗೆ. ಕೊನೆಗೆ ಮಾವು 61, ನೆಲ್ಲಿ 39. ಮೊದಲ ಎಣಿಕೆಯಲ್ಲಿ 36 ಪಡೆದು ಗೆದ್ದಿದ್ದ ಗಾಳಿಯಂತ್ರ, ಅದೇ ಜನರ ಅದೇ ಮನಸ್ಸಿನಿಂದ, ಸೋತಿತು.

ಐವತ್ತು ಅರವತ್ತು ಜನರ ಸಂಘವಾದರೆ ಕ್ರಮ ಮತ ಮಾಡಿ, ಒಂದು ಗಂಟೆಯಲ್ಲಿ ಮೇಜಿನ ಮೇಲೆಯೇ ಎಣಿಸಿ ಮುಗಿಸಬಹುದು. ಅದಕ್ಕಿಂತ ದೊಡ್ಡದಾದರೆ ಒಪ್ಪಿಗೆ ಮತವೇ ಸರಿ, ಜತೆಗೆ ಒಂದು ಷರತ್ತು: ಒಟ್ಟು ಮತ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಒಪ್ಪಿಗೆ ಗೆಲ್ಲುವ ವಿನ್ಯಾಸಕ್ಕೆ ಇರಬೇಕು. ಇಲ್ಲದಿದ್ದರೆ ಮೇಲಿನ ಎರಡರ ನಡುವೆ ಇನ್ನೊಂದು ಸುತ್ತು. ‘ಈಗಿರುವುದೇ ಇರಲಿ’ ಎಂಬುದೂ ಉಳಿದವುಗಳಂತೆಯೇ ಒಂದು ಅಭ್ಯರ್ಥಿ, ಅದಕ್ಕೆ ಬೇರೆ ನಿಯಮ ಬೇಡ.

ಮತಗಳು ಸಮವಾದರೆ? ಚೀಟಿ ಎತ್ತಿಸಿ. ಶಾಸನಸಭೆ, ಲೋಕಸಭೆಯ ಚುನಾವಣೆಯಲ್ಲೂ ಪ್ರಜಾಪ್ರತಿನಿಧಿ ಕಾಯ್ದೆಯ 65ನೇ ಸೆಕ್ಷನ್ ಹೇಳುವುದು ಅದನ್ನೇ. ಆದರೆ ಚೀಟಿ ಎತ್ತುವುದೆಂದು ಮೊದಲೇ ಬರೆದಿಟ್ಟಿರಬೇಕು.

ಕಾಗದವೋ, ಮೊಬೈಲೋ

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪೋಲ್ ಹಾಕಿಬಿಡೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡವೇ ಬೇಡ. ಯಾರು ಯಾವುದಕ್ಕೆ ಹಾಕಿದರೆಂದು ಗುಂಪಿನವರಿಗೆ ಕಾಣುತ್ತದೆ. ಅಧ್ಯಕ್ಷರು ಹಾಕಿದ್ದನ್ನು ನೋಡಿ ಹತ್ತು ಜನ ಹಾಕುತ್ತಾರೆ. ಹಾಕಿದ ಮತವನ್ನು ಆಮೇಲೆ ಬದಲಿಸಬಹುದು. ಗುಂಪಿನಲ್ಲಿರುವವರೆಲ್ಲ ಸದಸ್ಯರಲ್ಲ, ಸದಸ್ಯರೆಲ್ಲ ಗುಂಪಿನಲ್ಲಿಲ್ಲ.

ಗೂಗಲ್ ಫಾರ್ಮ್ ಇದಕ್ಕಿಂತ ಮೇಲು. ಆಯ್ಕೆಗಳ ಕ್ರಮ ಪ್ರತಿಯೊಬ್ಬರಿಗೂ ಬದಲಾಗುವಂತೆ ಮಾಡುವ ಸೌಲಭ್ಯ ಅದರಲ್ಲಿದೆ, ಅದನ್ನು ಬಳಸಿ. ಫಲಿತಾಂಶದ ಸಾರಾಂಶ ಕಾಣಿಸುವ ಆಯ್ಕೆಯನ್ನು ಮುಚ್ಚಿಡಿ. ಒಬ್ಬರಿಗೆ ಒಂದೇ ಉತ್ತರ ಎಂಬ ನಿರ್ಬಂಧಕ್ಕೆ ಗೂಗಲ್ ಖಾತೆಯಿಂದ ಒಳಬರಬೇಕಾಗುತ್ತದೆ. ಎರಡು ಖಾತೆ ಇರುವವರು ಎರಡು ಸಲ ಹಾಕಬಹುದು, ಖಾತೆಯೇ ಇಲ್ಲದ ಅಜ್ಜನಿಗೆ ಒಂದೂ ಇಲ್ಲ. ಅದಕ್ಕೆ ಪರಿಹಾರ ಗುಪ್ತಸಂಕೇತ. ಸಮಿತಿಯ ಒಬ್ಬರು ಸದಸ್ಯರ ಸಂಖ್ಯೆಯಷ್ಟು ಸಂಕೇತಗಳನ್ನು ಚೀಟಿಯಲ್ಲಿ ಮುದ್ರಿಸಿ, ಮಡಿಸಿ, ಕಲೆಸಿ ಕೊಡಲಿ. ಇನ್ನೊಬ್ಬರು ಅವನ್ನು ನೋಡದೆ ಒಂದೊಂದಾಗಿ ಹಂಚಿ ಸಹಿ ಪಡೆಯಲಿ. ಯಾವ ಸಂಕೇತ ಯಾರಿಗೆ ಹೋಯಿತೆಂದು ಆಗ ಇಬ್ಬರಿಗೂ ತಿಳಿಯುವುದಿಲ್ಲ. ಪಟ್ಟಿಯಲ್ಲಿಲ್ಲದ ಸಂಕೇತ ಬಂದರೆ ಅಸಿಂಧು. ಎರಡು ಸಲ ಬಂದರೆ ಮೊದಲನೆಯದು ಮಾತ್ರ.

ಕಾಗದದ ಮತಕ್ಕೆ ಬೇಕಾದದ್ದು ಬೀಗ ಹಾಕುವ ಪೆಟ್ಟಿಗೆ, ಮರೆಯಲ್ಲಿ ಒಂದು ಮೇಜು, ಸಹಿಗೆ ಪುಸ್ತಕ, ಮತ್ತು ಹಿಂಬದಿಯಲ್ಲಿ ಸಮಿತಿಯ ಇಬ್ಬರ ಸಹಿ ಇರುವ ಮತಪತ್ರ. 1962ರಿಂದ ದೇಶದ ಚುನಾವಣೆಗಳಿಗೆ ಬೆರಳಿನ ಶಾಯಿ ಹೋಗುತ್ತಿರುವುದು ಮೈಸೂರಿನ ಕಾರ್ಖಾನೆಯಿಂದ ಎಂಬುದು ನಮಗೆ ಹೆಮ್ಮೆಯ ವಿಷಯವಾದರೂ ಇನ್ನೂರು ಜನರ ಸಂಘಕ್ಕೆ ಸಹಿಯೇ ಸಾಕು. ಎರಡೂ ಬಗೆಯ ಮತ ಇಟ್ಟರೆ ಮೊಬೈಲ್ ಮತವನ್ನು ಹಿಂದಿನ ರಾತ್ರಿಯೇ ಮುಚ್ಚಿ, ಸಂಕೇತದ ಚೀಟಿ ಪಡೆದವರ ಹೆಸರಿನ ಮುಂದೆ ಗುರುತು ಮಾಡಿಕೊಳ್ಳಿ. ಚೀಟಿ ಪಡೆದೂ ಮೊಬೈಲಿನಲ್ಲಿ ಹಾಕದೆ ಉಳಿದವರು ಅದನ್ನು ಮರಳಿಸಿ ಮತಪತ್ರ ಪಡೆಯಬಹುದು. ಆ ಸಂಕೇತ ಈಗಾಗಲೇ ಬಳಕೆಯಾಗಿಲ್ಲವೆಂದು ನೋಡಿಕೊಂಡರಾಯಿತು.

ಪ್ರಚಾರ ಮಾಡಬಹುದೇ? ವಿನ್ಯಾಸದ ಗುಣದೋಷದ ಚರ್ಚೆ ಧಾರಾಳವಾಗಿ ನಡೆಯಲಿ. ‘ಮಾವು ನಮ್ಮ ಹುಡುಗನದು, ಎಲ್ಲರೂ ಅದಕ್ಕೇ ಹಾಕಿ’ ಎಂಬ ಸಂದೇಶ ಬಂದರೆ ಆ ವಿನ್ಯಾಸಕ್ಕೆ ಒಮ್ಮೆ ಎಚ್ಚರಿಕೆ, ಕಲಾವಿದರೇ ಕಳಿಸಿದ್ದೆಂದು ಖಚಿತವಾದರೆ ಕಣದಿಂದ ಹೊರಗೆ. ಬೇರೆಯವರು ಕಳಿಸಿದ್ದಕ್ಕೆ ಕಲಾವಿದರನ್ನು ಶಿಕ್ಷಿಸಬೇಡಿ. ಹಾಗೆ ಮಾಡಿದರೆ ಎದುರಾಳಿಯ ಹೆಸರಿನಲ್ಲಿ ಸಂದೇಶ ಕಳಿಸುವ ಹೊಸ ವಿದ್ಯೆ ಶುರುವಾಗುತ್ತದೆ.

ಎಣಿಕೆ

ಎಲ್ಲರ ಎದುರಿನಲ್ಲಿ, ಮತದಾನ ಮುಗಿದ ಕೂಡಲೇ. ಮೊದಲು ಮತಪತ್ರಗಳ ಒಟ್ಟು ಸಂಖ್ಯೆ ಸಹಿಗಳ ಸಂಖ್ಯೆಗೆ ತಾಳೆಯಾಗುತ್ತದೆಯೇ ನೋಡಿ, ಆಮೇಲೆ ಬಿಡಿಸಿ. ಒಬ್ಬರು ಓದಲಿ, ಒಬ್ಬರು ಹಿಂದೆ ನಿಂತು ಓದಿದ್ದು ಸರಿಯೇ ಎಂದು ನೋಡಲಿ, ಒಬ್ಬರು ಹಲಗೆಯ ಮೇಲೆ ಗೀಟು ಹಾಕಲಿ. ಐದನೇ ಗೀಟನ್ನು ಅಡ್ಡ ಎಳೆಯುವ ಹಳೆಯ ಕ್ರಮಕ್ಕಿಂತ ಮೇಲಾದದ್ದು ಇನ್ನೂ ಬಂದಿಲ್ಲ. ಅಸಿಂಧು ಮತಗಳನ್ನು ಒಂದೊಂದಾಗಿ ಎತ್ತಿ ತೋರಿಸಿ ಕಾರಣ ಹೇಳಿ. ಗೆದ್ದದ್ದರ ಅಂಕಿ ಮಾತ್ರವಲ್ಲ, ಎಲ್ಲ ವಿನ್ಯಾಸಗಳ ಅಂಕಿಯನ್ನೂ ಫಲಕಕ್ಕೆ ಹಾಕಿ. ಹೆಸರಿನ ಲಕೋಟೆ ತೆರೆಯುವುದು ಅದಾದ ಮೇಲೆ. ಸೋತವರು ತಮ್ಮ ಹೆಸರು ಬೇಡವೆಂದರೆ ಅವರ ಲಕೋಟೆಯನ್ನು ತೆರೆಯದೆ ಹಿಂದಿರುಗಿಸಿ.

ಮತಪತ್ರಗಳನ್ನು ಲಕೋಟೆಯಲ್ಲಿ ಹಾಕಿ ಮೊಹರು ಮಾಡಿ ಒಂದು ತಿಂಗಳು ಇಡಿ. ತಕರಾರು ಏಳು ದಿನದೊಳಗೆ, ಬರಹದಲ್ಲಿ.

ಗೆದ್ದ ಮೇಲಿನ ಕೆಲಸ

ಬಹುಮಾನ ಕೊಡುವ ಮೊದಲು ಹಕ್ಕು ವರ್ಗಾವಣೆ ಪತ್ರಕ್ಕೆ ಸಹಿಯಾಗಲಿ. ಗೆದ್ದವರು ಹದಿನೆಂಟು ತುಂಬದವರಾಗಿದ್ದರೆ ತಂದೆ ಅಥವಾ ತಾಯಿಯ ಸಹಿ ಬೇಕು. ಮೂಲ ಕಡತವನ್ನು ಎಸ್‌ವಿಜಿ ಅಥವಾ ಪಿಡಿಎಫ್ ರೂಪದಲ್ಲಿ ಪಡೆಯಿರಿ, ಅಕ್ಷರಗಳನ್ನು ಗೆರೆಗಳಾಗಿ ಪರಿವರ್ತಿಸಿಯೇ ಕೊಡಲು ಹೇಳಿ. ನಮ್ಮ ಫ್ಲೆಕ್ಸ್ ಅಂಗಡಿಗಳ ಕೋರೆಲ್‌ಡ್ರಾ ತಂತ್ರಾಂಶದಲ್ಲಿ ಹಳೆಯ ನುಡಿ ಅಕ್ಷರಗಳಿರುತ್ತವೆ, ಕಲಾವಿದರದು ಯೂನಿಕೋಡ್ ಆಗಿರುತ್ತದೆ. ಹಾಗೆಯೇ ತೆರೆದರೆ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ. ಬಳಸಿದ ಅಕ್ಷರಶೈಲಿಯ ಪರವಾನಗಿಯನ್ನೂ ಕೇಳಿ. ‘ನೋಟೊ ಸ್ಯಾನ್ಸ್ ಕನ್ನಡ’, ‘ಬಾಲೂ ತಮ್ಮ’ ಎಂಬಂಥ ಮುಕ್ತ ಅಕ್ಷರಶೈಲಿಗಳಾದರೆ ಚಿಂತೆಯಿಲ್ಲ.

ಗೆದ್ದದ್ದನ್ನು ತಿದ್ದಬಹುದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಗೆರೆ ದಪ್ಪ ಮಾಡುವುದು, ಅಕ್ಷರದ ನಡುವಿನ ಅಂತರ, ಸ್ಟ್ಯಾಂಪಿಗೆ ಸರಳ ರೂಪ, ಇಷ್ಟು ಕಲಾವಿದರ ಒಪ್ಪಿಗೆಯಿಂದ ಸರಿ. ಬಣ್ಣ ಬದಲಿಸುವುದು, ಸೋತ ವಿನ್ಯಾಸದ ಒನಕೆಯನ್ನು ಗೆದ್ದ ಬತೇರಿಯ ಪಕ್ಕದಲ್ಲಿ ತಂದು ನಿಲ್ಲಿಸುವುದು ಆಗದು. ಜನ ಒಪ್ಪಿದ್ದು ಆ ಚಿತ್ರವನ್ನಲ್ಲ. ಅಂಥ ಬದಲಾವಣೆ ಬೇಕೇ ಬೇಕೆಂದರೆ ತಿದ್ದಿದ್ದನ್ನು ಸರ್ವಸದಸ್ಯರ ಸಭೆಯ ಮುಂದಿಟ್ಟು ಇನ್ನೊಮ್ಮೆ ಒಪ್ಪಿಗೆ ಪಡೆಯಿರಿ.

ಬೈಲಾದಲ್ಲಿ ಲಾಂಛನದ ವರ್ಣನೆ ಇದ್ದರೆ ತಿದ್ದುಪಡಿ ಮಾಡಿಸಿ. ಅಚ್ಚಾಗಿರುವ ಲೆಟರ್‌ಹೆಡ್, ರಸೀದಿ ಪುಸ್ತಕ ಮುಗಿಯುವವರೆಗೆ ಹಳೆಯದನ್ನೇ ಬಳಸಿ, ಸುಮ್ಮನೆ ಸುಡಬೇಕಾಗಿಲ್ಲ. ರಬ್ಬರ್ ಸ್ಟ್ಯಾಂಪ್ ಮಾತ್ರ ಬೇರೆ ವಿಷಯ: ಚೆಕ್ಕಿನ ಮೇಲೆ ಹಾಕುವ ಮೊಹರಿನಲ್ಲಿ ಹಳೆಯ ಲಾಂಛನ ಇದ್ದರೆ, ಠರಾವಿನ ಪ್ರತಿ ಮತ್ತು ಹೊಸ ಮೊಹರಿನ ಮಾದರಿಯನ್ನು ಬ್ಯಾಂಕಿಗೆ ಕೊಟ್ಟು, ಅವರು ಅದನ್ನು ದಾಖಲಿಸಿಕೊಳ್ಳುವವರೆಗೆ ಹಳೆಯ ಮೊಹರನ್ನು ಖಜಾಂಚಿಯ ಬೀರುವಿನಲ್ಲೇ ಇಡಿ.